ಎಷ್ಟು ವರ್ಷ ಇದ್ದರೆ ಊರವರು? ವಾಡಿ ಜಂಕ್ಷನ್‌ನಿಂದ ಒಂದು ಲೆಕ್ಕ

ಹೊಸದಾಗಿ ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ: ನಾನು ಸೇಡಂನವನು, ಬಿ.ಕಾಂ. ಮಾಡಿದವನು, ಇತಿಹಾಸದಲ್ಲಿ ಡಿಗ್ರಿ ಇಲ್ಲ. ಲೆಕ್ಕದ ಪುಸ್ತಕ ಓದೋ ಹಾಗೆ ಇತಿಹಾಸ ಓದ್ತೀನಿ, ಅಷ್ಟೇ.

ಕೆಲವು ವಾರಗಳಿಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬರ್ತಿದೆ. ಆಸ್ಟ್ರೇಲಿಯಾದ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾ ಬಗ್ಗೆ ಮಾತಾಡ್ರಿ, ಒಂದು ವರ್ಷಕ್ಕೆ ಅಂತ ಗೊತ್ತಿಲ್ಲದ ಊರಿಗೆ ಹೋದ್ರೆ ಅಲ್ಲಿ ಹೆಂಗ ನೆಲೆ ಮಾಡ್ಕೋಬೇಕು ಹೇಳ್ರಿ ಅಂತ. ಗೊತ್ತಿಲ್ಲದವರಿಗೆ ಎರಡು ಮಾತು. 2024ರಿಂದ ಈ ವೀಸಾ ಭಾರತದವರಿಗೂ ಸಿಗ್ತಿದೆ. ವರ್ಷಕ್ಕೆ 1,000 ಸೀಟು. 18ರಿಂದ 30 ವರ್ಷದ ಒಳಗಿನವರು ಅರ್ಜಿ ಹಾಕಬಹುದು. 25 ಡಾಲರ್ ಕಟ್ಟಿ ಲಾಟರಿಗೆ ಹೆಸರು ಕೊಡಬೇಕು. ಹೆಸರು ಬಂದ್ರೆ 12 ತಿಂಗಳು ಅಲ್ಲಿ ಸುತ್ತಾಡಬಹುದು, ಜೊತೆಗೆ ದುಡಿಯಬಹುದು. ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ. ನನಗೂ ವಯಸ್ಸು ಮೂವತ್ತರ ಹತ್ತಿರ ಬಂತು, ಹಾಗಾಗಿ ನಿಯಮಗಳನ್ನ ಆಸೆಯಿಂದಲೇ ಓದಿದೆ.

ಓದುವಾಗ ಕಾಮರ್ಸ್ ಬುದ್ಧಿ ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಈ ವೀಸಾದವರಿಗೆ ಅಲ್ಲಿ ಮೊದಲ ಡಾಲರ್‌ನಿಂದಲೇ ಶೇ. 15ರಷ್ಟು ಆದಾಯ ತೆರಿಗೆ. ಸ್ಥಳೀಯರಿಗಿರುವ ವಿನಾಯಿತಿ ಮಿತಿ ಇವರಿಗೆ ಅನ್ವಯಿಸಲ್ಲ. ಇನ್ನೊಂದು ಇನ್ನೂ ಮಜಾ ಇದೆ. ಮಾಲೀಕ ನಿಮ್ಮ ಹೆಸರಲ್ಲಿ ಪಿಂಚಣಿ ನಿಧಿಗೆ ದುಡ್ಡು ಕಟ್ಟುತ್ತಾನೆ, ನಮ್ಮ ಪಿ.ಎಫ್. ಇದ್ದ ಹಾಗೆ. ದೇಶ ಬಿಡುವಾಗ ಅದನ್ನ ವಾಪಸ್ ಕೇಳಿದರೆ ಅದರಲ್ಲಿ ಶೇ. 65ರಷ್ಟನ್ನು ತೆರಿಗೆ ಅಂತ ಹಿಡಿದುಕೊಳ್ತಾರೆ. ‘ತಾತ್ಕಾಲಿಕ’ ಅನ್ನೋ ಪದಕ್ಕೆ ಒಂದು ರೇಟು ಇದೆ ಅಂತ ಅವತ್ತು ಗೊತ್ತಾಯ್ತು. ಆಮೇಲೆ ಅನ್ನಿಸ್ತು, ಈ ರೇಟು ನಮ್ಮ ಭಾಗದಲ್ಲಿ ನೂರೈವತ್ತು ವರ್ಷದಿಂದ ಇದೆಯಲ್ಲ. ಆದ್ದರಿಂದ ಇವತ್ತು ಮೆಲ್ಬರ್ನ್ ಬೇಡ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ, ಇಷ್ಟರಲ್ಲೇ ಸುತ್ತೋಣ.

ಮೊದಲು ‘ಪರದೇಶ’ ಅನ್ನೋ ಮಾತು. ನಮ್ಮ ಮುತ್ತಜ್ಜಂದಿರಿಗೆ ಸೊಲ್ಲಾಪುರವೇ ಪರದೇಶ. ತಮಾಷೆಗೆ ಹೇಳ್ತಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಗುಲಬರ್ಗಾ ಜಿಲ್ಲೆ ಹೈದರಾಬಾದ್ ನಿಜಾಮನ ರಾಜ್ಯ, ಸೊಲ್ಲಾಪುರ ಬ್ರಿಟಿಷರ ಮುಂಬೈ ಪ್ರಾಂತ್ಯ. ನಮ್ಮಲ್ಲಿ ನಾಣ್ಯವೇ ಬೇರೆ. ನಿಜಾಮನ ರೂಪಾಯಿಗೆ ‘ಹಾಲಿ ಸಿಕ್ಕಾ’ ಅಂತಿದ್ರು, ಬ್ರಿಟಿಷರ ರೂಪಾಯಿಗೆ ‘ಕಲ್ದಾರ’. ಹೆಚ್ಚೂಕಡಿಮೆ 6 ಕಲ್ದಾರಕ್ಕೆ 7 ಹಾಲಿ. ಅಂದ್ರೆ ಸೊಲ್ಲಾಪುರದ ಮಿಲ್‌ನಲ್ಲಿ ದುಡಿದು 60 ಕಲ್ದಾರ ಉಳಿಸಿಕೊಂಡು ಬಂದವನ ಕೈಗೆ ಊರಲ್ಲಿ 70 ರೂಪಾಯಿ ಬರ್ತಿತ್ತು. ಇವತ್ತು ದುಬೈಯಿಂದ ದಿರ್ಹಂ ಕಳಿಸೋರ ಲೆಕ್ಕವೇ ಇದು, ಪ್ರಮಾಣ ಮಾತ್ರ ಸಣ್ಣದು. ಗಡಿಯಲ್ಲಿ ‘ಕರೋಡ್‌ಗಿರಿ’ ಇಲಾಖೆ, ಅಂದ್ರೆ ನಿಜಾಮನ ಕಸ್ಟಮ್ಸ್. ಹೊರಗಿನಿಂದ ಬರೋ ಸರಕಿಗೆ ಸುಂಕ. ಹಾಲಿ ಸಿಕ್ಕಾ 1948ರಲ್ಲೇ ಹೋಯ್ತು ಅಂತ ಬಹಳ ಮಂದಿ ಅಂದ್ಕೊಂಡಿದ್ದಾರೆ. ಇಲ್ಲ, ಅದನ್ನ ಪೂರ್ತಿ ಹಿಂತೆಗೆದುಕೊಳ್ಳೋಕೆ 1950ರ ದಶಕ ಇಡೀ ಹಿಡೀತು.

ಈ ಪರದೇಶಕ್ಕೆ ಬಾಗಿಲು ತೆರೆದದ್ದು ರೈಲು. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಗುಲಬರ್ಗಾ, ಶಹಾಬಾದ, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಅಲ್ಲಿ ಮದ್ರಾಸ್ ಕಡೆಯಿಂದ ಬಂದ ಹಳಿಗೆ ಕೂಡಿಕೊಂಡಿತು. ಆದರೆ ರಾಜಧಾನಿ ಹೈದರಾಬಾದ್ ಆ ದಾರಿಯಿಂದ ದೂರ ಉಳೀತು. ಅದಕ್ಕೇ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮೇಲೆ ಸಿಕಂದರಾಬಾದ್‌ವರೆಗೆ ಸುಮಾರು 185 ಕಿಲೋಮೀಟರ್ ಇನ್ನೊಂದು ಹಳಿ. ಅದು 1874ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ಖರ್ಚು ನಿಜಾಮ ಸರ್ಕಾರದ್ದು, ಹೆಚ್ಚು ಅವಸರ ಇದ್ದದ್ದು ಬ್ರಿಟಿಷರಿಗೆ, ಯಾಕಂದ್ರೆ ಅವರ ಸೈನ್ಯದ ದಂಡು ಸಿಕಂದರಾಬಾದ್‌ನಲ್ಲಿತ್ತು. ನಿಜಾಮ ಮಹಬೂಬ್ ಅಲಿ ಖಾನ್ ಆಗ ಎಂಟು ವರ್ಷದ ಹುಡುಗ, ಆಡಳಿತ ನಡೆಸ್ತಿದ್ದದ್ದು ಸಾಲಾರ್ ಜಂಗ್.

ಹಿಂಗಾಗಿ ವಾಡಿ ಜಂಕ್ಷನ್ ಆಯ್ತು. ಜಂಕ್ಷನ್ ಅಂದ್ರೆ ಡ್ರೈವರ್, ಗಾರ್ಡ್, ಫೈರ್‌ಮನ್, ಗ್ಯಾಂಗ್‌ಮನ್, ಟಿಕೆಟ್ ಬಾಬು. ಮರಾಠಿ ಬಂತು, ತೆಲುಗು ಬಂತು, ತಮಿಳು, ಹಿಂದಿ ಬಂತು. ದಖನಿ ಮೊದಲೇ ಇತ್ತು. ವಾಡಿ ಪ್ಲಾಟ್‌ಫಾರ್ಮ್ ಮೇಲೆ ಹತ್ತು ನಿಮಿಷ ನಿಂತರೆ ಇವತ್ತೂ ಈ ಎಲ್ಲ ಭಾಷೆ ಕಿವಿಗೆ ಬೀಳ್ತವೆ. ಬಂದವರೆಲ್ಲ ವರ್ಗಾವಣೆ ಆಗುವವರೆಗೆ ಅಂತ ಬಂದವರು. ರೈಲ್ವೆ ಕ್ವಾರ್ಟರ್ಸ್ ಅಂದ್ರೆ ಅದೇ ತಾನೇ, ನಾಲ್ಕು ಗೋಡೆ ನಿಮ್ಮದು, ಬೀಗದ ಕೈ ಕಂಪನಿಯದು.

ಇನ್ನೊಂದು ವಿಚಿತ್ರ ಕೇಳ್ರಿ. ಹಳಿ ಇದ್ದ ನೆಲ ಯಾರದು? ಊರು ನಿಜಾಮನದು. ಆದರೆ ರೈಲ್ವೆ ಜಮೀನಿನ ಮೇಲೆ ಕಾನೂನು ನಡೆಸುವ ಅಧಿಕಾರವನ್ನು ನಿಜಾಮ ಸರ್ಕಾರ ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. ಈ ಬಿಟ್ಟುಕೊಟ್ಟದ್ದು ಎಷ್ಟರವರೆಗೆ ಅಂತ ಒಂದು ಕೇಸು ಲಂಡನ್‌ವರೆಗೂ ಹೋಯ್ತು. ಮುಹಮ್ಮದ್ ಯೂಸುಫುದ್ದೀನ್ ಅನ್ನೋ ನಿಜಾಮನ ಪ್ರಜೆಯನ್ನ, ಸಿಮ್ಲಾದ ಮ್ಯಾಜಿಸ್ಟ್ರೇಟ್ ಹೊರಡಿಸಿದ ವಾರಂಟ್ ಹಿಡಿದು, ನಿಜಾಮನ ರೈಲಿನ ಸ್ಟೇಷನ್ ಒಂದರಲ್ಲಿ ಬಂಧಿಸಿದ್ರು. 1897ರಲ್ಲಿ ಪ್ರಿವಿ ಕೌನ್ಸಿಲ್, ಈ ಬಂಧನ ಸರಿಯಲ್ಲ ಅಂದಿತು. ನೆಲ ನಿಜಾಮನ ರಾಜ್ಯದ ಭಾಗವೇ, ಬ್ರಿಟಿಷರ ಅಧಿಕಾರ ರೈಲ್ವೆಗೆ ಸಂಬಂಧಿಸಿದ ವಿಷಯಕ್ಕೆ ಮಾತ್ರ ಅನ್ನೋದು ತೀರ್ಪಿನ ಸಾರ. ನೋಡ್ರಿ, ಪ್ಲಾಟ್‌ಫಾರ್ಮ್‌ನಲ್ಲಿ ನಿಂತ ಮನುಷ್ಯ ಯಾವ ದೇಶದಲ್ಲಿದ್ದಾನೆ ಅನ್ನೋದನ್ನ ಲಂಡನ್‌ನವರು ಕೂತು ಹೇಳಬೇಕಾಯ್ತು.

ರೈಲು ಬಂದ ಮೇಲೆ ನಮ್ಮ ಕಲ್ಲೂ ಹೊರಗೆ ಹೊರಟಿತು. ಶಹಾಬಾದಿ ಫರಸಿ. ಪದರ ಪದರವಾಗಿ ಏಳುವ ಸುಣ್ಣಕಲ್ಲು, ಸುತ್ತಿಗೆ ಏಟಿಗೆ ಹಪ್ಪಳದ ಹಾಗೆ ಬಿಡಿಸಿಕೊಳ್ಳುತ್ತೆ. ಪುಣೆ, ಮುಂಬೈ, ಹೈದರಾಬಾದ್‌ನ ಹಳೇ ಮನೆಗಳ ನೆಲ ನೋಡಿ, ನಮ್ಮೂರಿನ ಹೆಸರು ಅಲ್ಲಿನ ಮುದುಕಿಯರಿಗೂ ಗೊತ್ತು. ಅದೇ ಸುಣ್ಣಕಲ್ಲು ಸಿಮೆಂಟಾಯ್ತು. 1920ರ ದಶಕದಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಬಂತು, 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಸೇರಿ ಎ.ಸಿ.ಸಿ. ಆದಾಗ ಅದೂ ಅದರೊಳಗೆ ಸೇರಿತು. ವಾಡಿಯ ಕಾರ್ಖಾನೆ 1968ರದ್ದು. 80ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಬಂದವು. ಪ್ರತಿ ಚಿಮಣಿಯ ಬುಡದಲ್ಲೂ ಒಂದು ಕಾಲೊನಿ. ಶಾಲೆ, ಕ್ಲಬ್, ಗುಡಿ, ನೀರು, ಲೈಟು, ಎಲ್ಲಾ ಒಳಗೇ. ಗೇಟಿನ ಹೊರಗೆ ನಮ್ಮೂರು. ರಾಜಸ್ಥಾನದಿಂದಲೋ ಆಂಧ್ರದಿಂದಲೋ ಬಂದ ಎಂಜಿನಿಯರ್ ಮೂವತ್ತು ವರ್ಷ ಇಲ್ಲೇ ಇದ್ದು, ಮಕ್ಕಳನ್ನ ಇಲ್ಲೇ ಓದಿಸಿ, ರಿಟೈರ್ ಆದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಹೋಗ್ತಾನೆ. ಅವನ ಲೆಕ್ಕದಲ್ಲಿ ಮೂವತ್ತು ವರ್ಷವೂ ಡ್ಯೂಟಿಯೇ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ, ಗೊತ್ತಿಲ್ಲದ ಊರಲ್ಲಿ ನೆಲೆ ಮಾಡ್ಕೊಳ್ಳೋದು ಹೆಂಗೆ. ಹಳೇ ಉತ್ತರ: ಮೊದಲು ಊಟ, ಆಮೇಲೆ ಮನೆ. ಮುಂಬೈ, ಸೊಲ್ಲಾಪುರದ ಮಿಲ್‌ಗಳಿಗೆ ಹೋದ ಒಂಟಿ ಗಂಡಸರು ಒಂದೇ ಖೋಲಿಯಲ್ಲಿ ಹತ್ತು ಹದಿನೈದು ಮಂದಿ ಇರ್ತಿದ್ರು. ಪಾಳಿ ಮೇಲೆ ಮಲಗೋದು, ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು. ಊಟ ಖಾನಾವಳಿಯಲ್ಲಿ. ಖಾನಾವಳಿ ಅಂದ್ರೆ ಬೋರ್ಡ್ ಹಾಕಿದ ಹೋಟೆಲ್ ಅಲ್ಲ. ಹೆಣ್ಣುಮಗಳೊಬ್ಬಳು ತನ್ನ ಒಲೆಯಲ್ಲೇ ಹತ್ತಿಪ್ಪತ್ತು ಮಂದಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕೋದು. ಕಿರಾಣಿ ಅಂಗಡಿಯಿಂದ ಆಕೆ ಉದ್ರಿ ತರ್ತಾಳೆ, ಇವರು ಪಗಾರ ಆದ ಮೇಲೆ ಕೊಡ್ತಾರೆ. ಮಿಲ್ ಬಂದ್ ಆದ್ರೆ ಮೊದಲು ಮುಳುಗೋದು ಆಕೆ. ಅಂದ್ರೆ ಕಾರ್ಮಿಕರ ದುಡಿಯುವ ಬಂಡವಾಳಕ್ಕೆ ಹಣ ಹೂಡ್ತಿದ್ದದ್ದು ಆಕೆಯೇ, ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಆಕೆಯ ಹೆಸರಿಲ್ಲ. 1975ರಲ್ಲಿ ಪ್ರೇಮಾ ಪುರವ್ ಮುಂಬೈಯಲ್ಲಿ ಈ ಹೆಣ್ಣುಮಕ್ಕಳನ್ನ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ, ಬ್ಯಾಂಕ್ ಸಾಲ ಕೊಡಿಸಿದ್ರು. ಸಾವಕಾರನ ಬಡ್ಡಿಯಿಂದ ಹೊರಬರೋಕೆ ಅವರಿಗೆ ಅಷ್ಟು ವರ್ಷ ಬೇಕಾಯ್ತು.

ಮನೆ ವಿಷಯ. ನಾನು ಹೈದರಾಬಾದ್‌ನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾಗ ಎರಡು ಸಲ ಬಾಡಿಗೆ ಕರಾರು ಬರೆದೆ, ಎರಡೂ 11 ತಿಂಗಳದ್ದು. ಹನ್ನೊಂದೇ ಯಾಕೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನ ಕಡ್ಡಾಯವಾಗಿ ನೋಂದಾಯಿಸಬೇಕು. 11 ತಿಂಗಳಿಗೆ ನಿಲ್ಲಿಸಿದ್ರೆ ಆ ಖರ್ಚಿಲ್ಲ. ದೇಶದ ಲಕ್ಷಾಂತರ ಬಾಡಿಗೆದಾರರು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಕಾಗದದ ಮೇಲೆ ಹನ್ನೆರಡನೇ ತಿಂಗಳು ಕಾಣುವುದೇ ಇಲ್ಲ.

ಕಾಗದ ಅಂದ್ನಲ್ಲ, ಇವತ್ತಿನ ಸಂಚಿಕೆಯ ಮುಖ್ಯ ಕಾಗದ ಈಗ ತೆಗೀತೀನಿ. ಮುಲ್ಕಿ.

ಮುಲ್ಕ್ ಅಂದ್ರೆ ನಾಡು, ಮುಲ್ಕಿ ಅಂದ್ರೆ ನಾಡಿನವನು. ನಿಜಾಮ ಸರ್ಕಾರದ ದೊಡ್ಡ ನೌಕರಿಗಳಿಗೆ ಉತ್ತರ ಭಾರತದಿಂದ, ಮದ್ರಾಸ್ ಕಡೆಯಿಂದ ಓದಿದವರು ಬರ್ತಿದ್ರು, ಇಲ್ಲಿಯವರಿಗೆ ಸಿಟ್ಟು. 1919ರಲ್ಲಿ ನಿಜಾಮ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿದ. ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಬೇರೆಯವರಿಗೆ ಕೊಡಬೇಕಾದರೆ ವಿಶೇಷ ಅನುಮತಿ ಬೇಕು. ಮುಲ್ಕಿ ಆಗೋದು ಹೆಂಗೆ? ಹುಟ್ಟಿನಿಂದ ಆಗಬಹುದು. ಹೊರಗಿನಿಂದ ಬಂದವನಾದ್ರೆ ಕನಿಷ್ಠ 15 ವರ್ಷ ರಾಜ್ಯದಲ್ಲಿ ನೆಲೆಸಿರಬೇಕು. ಅಷ್ಟೇ ಸಾಲದು. ಹಳೇ ಊರಿಗೆ ವಾಪಸ್ ಹೋಗುವ ಉದ್ದೇಶವನ್ನ ಬಿಟ್ಟಿದ್ದೀನಿ ಅಂತ ಗೊತ್ತುಪಡಿಸಿದ ನಮೂನೆಯಲ್ಲಿ ಪ್ರಮಾಣಪತ್ರ ಬರೆದು, ಮ್ಯಾಜಿಸ್ಟ್ರೇಟರ ಮುಂದೆ ಸಹಿ ಮಾಡಿಸಬೇಕು.

ಈ ನಿಯಮ ನಾನು ಓದಿದ ಸರ್ಕಾರಿ ನಿಯಮಗಳಲ್ಲೇ ಬಹಳ ಕ್ರೂರ ಅನ್ನಿಸ್ತು. ಸ್ಥಳೀಯರಿಗೆ ನೌಕರಿ ಮೀಸಲಿಡೋದು ತಪ್ಪು ಅಂತ ನಾನು ಹೇಳಲ್ಲ, ಅದರ ಫಲ ನಾನೂ ತಿಂದಿದ್ದೀನಿ. ಆದರೆ ಹದಿನೈದು ವರ್ಷ ನೀರು ಕುಡಿದ ಊರು, ‘ನಿನ್ನ ತವರು ಮರೆತೆ ಅಂತ ಬರೆದುಕೊಡು’ ಅನ್ನೋದಿದೆಯಲ್ಲ, ಅದು ಮನುಷ್ಯನ ಕೈಲಿ ಆಗದ ಮಾತು. ಮನೆ ಕಟ್ಟಿಸಿ, ಮಕ್ಕಳ ಮದುವೆ ಮಾಡಿದವರೂ ಮುಂದಿನ ವರ್ಷ ಊರಿಗೆ ಹೋಗ್ತೀನಿ ಅಂತಾನೇ ಇರ್ತಾರೆ. ಆ ನಮೂನೆಗೆ ಸಹಿ ಮಾಡಿದವರಲ್ಲಿ ಎಷ್ಟು ಮಂದಿ ನಿಜ ಬರೆದಿರಬಹುದು?

ಅಂದಹಾಗೆ ಈ 15 ವರ್ಷದ ಅಳತೆಯಲ್ಲಿ ನಮ್ಮ ಸೇಡಂ ತಾಲ್ಲೂಕಿನ ಒಬ್ಬ ದೊಡ್ಡ ಮನುಷ್ಯ ಫೇಲ್ ಆಗ್ತಾನೆ. ಪುಷ್ಪದಂತ, ಅಪಭ್ರಂಶದ ಮಹಾಕವಿ. ಸುಮಾರು 959ರ ಹೊತ್ತಿಗೆ ಎಲ್ಲೆಲ್ಲೋ ಅಲೆದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ, ಅಂದ್ರೆ ನಮ್ಮ ಕಾಗಿಣಾ ದಂಡೆಯ ಮಳಖೇಡಕ್ಕೆ ಬಂದ. ಮಂತ್ರಿ ಭರತನ ಆಶ್ರಯ ಸಿಕ್ಕಿತು, ಮಹಾಪುರಾಣ ಬರೆದು 965ರಲ್ಲಿ ಮುಗಿಸಿದ. ಭರತನ ನಂತರ ಮಗ ನನ್ನ ಪೋಷಿಸಿದ. 972ರಲ್ಲಿ ಮಾಳವದ ಪರಮಾರ ಸೀಯಕ ಊರನ್ನ ಸುಲಿದು ಹೋದಾಗ ಈ ಕವಿ, ಇನ್ನು ಎಲ್ಲಿ ಇರಲಿ ಅಂತ ದುಃಖಪಟ್ಟದ್ದು ಅವನ ಬರಹದಲ್ಲೇ ಇದೆ. ಬಂದು ಹದಿಮೂರು ವರ್ಷ. ಎರಡು ವರ್ಷ ಕಮ್ಮಿ ಬಿತ್ತು, ಮುಲ್ಕಿ ಸರ್ಟಿಫಿಕೇಟ್ ಸಿಗಲ್ಲ!

ನಗು ಬಿಡ್ರಿ. ಇಷ್ಟೊತ್ತು ಹೇಳಿದ್ದು ಕಾಗದ ತೋರಿಸಬಲ್ಲವರ ಕಥೆ. ಕಾಗದವೇ ಇಲ್ಲದವರದ್ದು ಬೇರೆ ಇದೆ, ಅದಕ್ಕೆ ಚಿಂಚೋಳಿ ಕಡೆ ಹೋಗಬೇಕು.

ರೈಲಿಗೆ ಮುಂಚೆ ದಖನ್‌ನಲ್ಲಿ ಸರಕು ಸಾಗಿಸ್ತಿದ್ದವರು ಬಂಜಾರರು, ನಮ್ಮ ಲಂಬಾಣಿಗಳು. ಸಾವಿರಾರು ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ, ಒಳನಾಡಿನಿಂದ ದಂಡಿನ ಪಾಳೆಯಗಳಿಗೆ. ಮೊಗಲರ ಸೈನ್ಯಕ್ಕೂ ಅವರೇ, ಟಿಪ್ಪುವಿನ ಮೇಲೆ ಹೋದ ಬ್ರಿಟಿಷ್ ಸೈನ್ಯಕ್ಕೂ ಅವರೇ ಧಾನ್ಯ ಪೂರೈಸಿದವರು. ಯುದ್ಧ ಮಾಡೋರು ಬದಲಾದ್ರೂ ಸಾಗಾಣಿಕೆ ಕಂಪನಿ ಬದಲಾಗಲಿಲ್ಲ ಅನ್ನಿ. 1871, 1874ರಲ್ಲಿ ಹಳಿ ಬಿತ್ತು. ಎತ್ತಿನ ಹಿಂಡು ತಿಂಗಳಲ್ಲಿ ಮುಟ್ಟಿಸ್ತಿದ್ದ ಸರಕನ್ನ ಗೂಡ್ಸ್ ಗಾಡಿ ಎರಡು ದಿನದಲ್ಲಿ ಮುಟ್ಟಿಸಿತು. ಧಂಧೆ ಮುಗೀತು. ಅದೇ 1871ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ತಿರುಗಾಡುವ ಜಾತಿಗಳನ್ನೇ ಕಳ್ಳರು ಅಂತ ಪಟ್ಟಿ ಮಾಡೋ ಕಾನೂನು. ತಿರುಗಾಡೋದೇ ಕಸುಬಾಗಿದ್ದವರು ಎತ್ತು ಮಾರಿ, ಕಾಡಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿ, ಯಾರಿಗೂ ಬೇಡವಾದ ಜಮೀನಿನಲ್ಲಿ ತಾಂಡಾ ಹೂಡಿದ್ರು. ತಾಂಡಾ ಅಂದ್ರೆ ಮೂಲದಲ್ಲಿ ಸಾಗುವ ಗುಂಪು, ಕಾರವಾನ್. ನಿಂತುಬಿಟ್ಟ ಮೇಲೂ ಹೆಸರು ಮಾತ್ರ ನಡೀತಾನೇ ಇತ್ತು.

ಚಿಂಚೋಳಿ, ಚಿತ್ತಾಪುರ, ಸೇಡಂ ತಾಲ್ಲೂಕುಗಳ ತಾಂಡಾಗಳಿಂದ ಇವತ್ತು ಎಷ್ಟೋ ಕುಟುಂಬ ದೀಪಾವಳಿ ಮುಗಿಸಿ ಮುಂಬೈ, ಪುಣೆ, ಹೈದರಾಬಾದ್‌ಗೆ ಹೊರಡ್ತವೆ. ಕಟ್ಟಡದ ಕೆಲಸ, ರಸ್ತೆ ಕೆಲಸ, ಕಬ್ಬು ಕಡಿಯೋದು. ಯಾವ ಹಳಿ ಇವರ ಅಜ್ಜಂದಿರ ಕಸುಬು ಕಿತ್ತುಕೊಂಡಿತೋ ಅದೇ ಹಳಿಯ ಮೇಲೆ, ಜನರಲ್ ಡಬ್ಬಿಯಲ್ಲಿ. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ. ಸೇಡಂಗೋ ತಾಂಡೂರಿಗೋ ಬಂದು ಹತ್ತಬೇಕು. ಸೇಡಂ ಸ್ಟೇಷನ್ನಿನಲ್ಲಿ ನೀವು ನೋಡಿರ್ತೀರಿ: ಜೋಳದ ಚೀಲ, ಪಾತ್ರೆ ಗಂಟು, ಹಾಸಿಗೆ ಸುರುಳಿ, ಮೇಲೊಂದು ಕೂಸು. ಇವರದ್ದೂ ಆರೆಂಟು ತಿಂಗಳ ನೆಲೆಯೇ. ಎಲ್ಲಿ ಕಟ್ಟಡ ಏಳುತ್ತೋ ಅದರ ಬುಡದಲ್ಲಿ ತಗಡಿನ ಶೆಡ್ಡು. ಕಟ್ಟಡ ಮುಗಿದ ದಿನ ಶೆಡ್ಡೂ ಇಲ್ಲ.

ಇವರಿಗೆ ಕಾನೂನು ಇರಲಿಲ್ಲವೇ? ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಗುತ್ತೇದಾರ ಕಾರ್ಮಿಕರನ್ನ ಬೇರೆ ರಾಜ್ಯಕ್ಕೆ ಕರೆದೊಯ್ಯುವಾಗ ‘ಸ್ಥಳಾಂತರ ಭತ್ಯೆ’ ಕೊಡಬೇಕಿತ್ತು: ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ಹೋಗಿ ಬರುವ ದಾರಿ ಖರ್ಚು ಬೇರೆ. ಕಾಗದದ ಮೇಲೆ ಚೆಂದ ಇತ್ತು. ನಡೆಯುವುದು ಉಲ್ಟಾ. ಮುಕಾದಮ್ ಮುಂಗಡ ಕೊಡ್ತಾನೆ, ಆ ಮುಂಗಡವೇ ಸಾಲ ಆಗುತ್ತೆ, ಸೀಸನ್ ಮುಗಿಯುವವರೆಗೆ ಅದನ್ನ ದುಡಿದು ತೀರಿಸಬೇಕು. ಭತ್ಯೆ ಅನ್ನೋ ಕಾಲಂ ಆ ಲೆಕ್ಕದಲ್ಲಿ ಬರೋದೇ ಇಲ್ಲ.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಮೇ ತಿಂಗಳಲ್ಲಿ ಮುಂಬೈ, ಪುಣೆಯಿಂದ ನಮ್ಮವರು ವಾಪಸಾದ್ರು. ಊರ ಶಾಲೆಗಳು ಕ್ವಾರಂಟೈನ್ ಕೇಂದ್ರ ಆದವು. ಪ್ರತಿದಿನ ಸಂಜೆ ಬರ್ತಿದ್ದ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ರೋಗಿಯ ನಂಬರ್ ಮುಂದೆ ಒಂದೇ ವಿವರ: ಮಹಾರಾಷ್ಟ್ರದಿಂದ ವಾಪಸಾದವರು. ಮುಂಬೈಯಲ್ಲಿ ಇವರು ಕರ್ನಾಟಕದವರು, ರೇಷನ್ ಕೊಡೋರಿಲ್ಲ. ಇಲ್ಲಿ ಮಹಾರಾಷ್ಟ್ರದವರು, ಓಣಿಗೆ ಬಿಟ್ಟುಕೊಳ್ಳೋರಿಲ್ಲ. ಆ ದಿನಗಳಲ್ಲಿ ಕೆಲವು ಊರುಗಳು ದಾರಿಗೆ ಮುಳ್ಳು ಹಾಕಿಕೊಂಡಿದ್ದನ್ನ ನಾನೇ ನೋಡಿದ್ದೀನಿ. ಭಯ ಎಲ್ಲರಿಗೂ ಇತ್ತು, ಒಪ್ಪಿದೆ. ಆದ್ರೂ ಹುಟ್ಟಿದ ಊರಿನ ಬಾಗಿಲಲ್ಲಿ ನಿಂತು ನಾನು ಇಲ್ಲಿಯವನೇ ಅಂತ ಸಾಬೀತು ಮಾಡೋದು ಇದೆಯಲ್ಲ, ಅದಕ್ಕೆ ಯಾವ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು?

ಸಾಬೀತು ಮಾಡೋಕೆ ಬಹಳ ಮಂದಿಯ ಹತ್ತಿರ ಮನೆಯ ಕಾಗದವೂ ಇರಲಿಲ್ಲ. ಇದು ನನಗೆ ದೊಡ್ಡ ಆಶ್ಚರ್ಯ. ಮೂರ್ನಾಲ್ಕು ತಲೆಮಾರು ಬದುಕಿದ ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ‘ದಾಖಲೆರಹಿತ ಜನವಸತಿ’ ಅನ್ನೋದು ಸರ್ಕಾರಿ ಪದ. ಮನೆ ಇದೆ, ಸೇವಾಲಾಲರ ಗುಡಿ ಇದೆ, ಮತದಾನ ಇದೆ, ಆದರೆ ಮನೆ ನಿಂತ ಜಾಗ ಅವರದ್ದಲ್ಲ. ಬ್ಯಾಂಕಿಗೆ ಹೋದ್ರೆ ಅಡವಿಡೋಕೆ ಏನೂ ಇಲ್ಲ, ಹಾಗಾಗಿ ಮತ್ತೆ ಮುಕಾದಮ್‌ನ ಮುಂಗಡವೇ ಗತಿ. ಹಕ್ಕುಪತ್ರಕ್ಕೂ ವಲಸೆಗೂ ಇರೋ ಸಂಬಂಧ ಇಷ್ಟು ನೇರ.

2023ರ ಜನವರಿ 19ರಂದು ಇದೇ ಮಳಖೇಡದಲ್ಲಿ ದೊಡ್ಡ ಕಾರ್ಯಕ್ರಮ ನಡೀತು. ಇಂಥ ತಾಂಡಾಗಳನ್ನ ಕಂದಾಯ ಗ್ರಾಮ ಮಾಡಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡೋ ಕಾರ್ಯಕ್ರಮ, ಪ್ರಧಾನಿ ಮೋದಿ ಬಂದಿದ್ರು. ಚುನಾವಣೆಗೆ ನಾಲ್ಕು ತಿಂಗಳು ಮೊದಲು ಅನ್ನೋದನ್ನ ನೀವೇ ಗಮನಿಸಿ. ಆದರೆ ಆ ಕಾಗದವನ್ನ ನಾನು ಸಣ್ಣದು ಅನ್ನಲ್ಲ. ಪುಷ್ಪದಂತ ಇನ್ನೆಲ್ಲಿ ಇರಲಿ ಅಂದ ಊರಲ್ಲೇ ಅಷ್ಟು ಮಂದಿಗೆ ‘ಇಲ್ಲೇ ಇರ್ರಿ’ ಅಂತ ಬರೆದುಕೊಟ್ಟದ್ದು.

ಮುಲ್ಕಿ ಏನಾಯ್ತು ಅಂತ ಕೇಳೋರಿಗೆ: 1956ರ ನವೆಂಬರ್ 1ಕ್ಕೆ ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿತು. ಮುಲ್ಕಿ ಗಲಾಟೆ ತೆಲಂಗಾಣದ ಕಡೆ ಉಳಿದುಕೊಂಡು ಅಲ್ಲಿ ದೊಡ್ಡ ಚಳವಳಿಗಳೇ ಆದವು. ನಮ್ಮ ಕಡೆ ಅದೇ ಆಸೆ ಬೇರೆ ಹೆಸರಲ್ಲಿ ಬಂತು, ಸಂವಿಧಾನದ 98ನೇ ತಿದ್ದುಪಡಿ, 371ಜೆ ಕಲಂ. 2013ರ ಆದೇಶದಲ್ಲಿ ಸ್ಥಳೀಯ ವ್ಯಕ್ತಿ ಅಂದ್ರೆ ಇಲ್ಲಿ ಹುಟ್ಟಿದವನು, ಇಲ್ಲವೇ ಕನಿಷ್ಠ 10 ವರ್ಷ ಇಲ್ಲಿ ನೆಲೆಸಿದವನು. 15 ಇದ್ದದ್ದು 10 ಆಯ್ತು. ತವರು ಮರೆತೆ ಅಂತ ಬರೆದುಕೊಡುವ ನಮೂನೆ ಇಲ್ಲ, ಅಷ್ಟು ಒಳ್ಳೇದು. ಆ ಸರ್ಟಿಫಿಕೇಟ್ ನನ್ನ ಫೈಲ್‌ನಲ್ಲೂ ಇದೆ. ಅದನ್ನ ಮಾಡಿಸೋಕೆ ಶಾಲೆಯ ದಾಖಲೆ, ವಾಸದ ದಾಖಲೆ ಬೇಕು. ಅಪ್ಪ ಅವ್ವನ ಜೊತೆ ವರ್ಷಕ್ಕೆ ಆರು ತಿಂಗಳು ಪುಣೆಯ ಶೆಡ್ಡಿನಲ್ಲಿ ಬೆಳೆದು, ಅರ್ಧಕ್ಕೇ ಶಾಲೆ ಬಿಟ್ಟ ತಾಂಡಾದ ಹುಡುಗ ಯಾವ ದಾಖಲೆ ತರಬೇಕು ಅನ್ನೋದನ್ನ ಅಧಿಕಾರಿಗಳನ್ನ ಕೂರಿಸಿಕೊಂಡೇ ಕೇಳಬೇಕು. ಮುಂದಿನ ಸಂಚಿಕೆಗೆ ಒಬ್ಬರನ್ನ ಕರೆಯೋ ಪ್ರಯತ್ನ ನಡೆದಿದೆ.

ಆಸ್ಟ್ರೇಲಿಯಾ ಕೇಳಿದವರಿಗೆ: ಲಾಟರಿಗೆ ಹೆಸರು ಕೊಡ್ರಿ, ಹೋಗಿ ಬರ್ರಿ, ಪಿಂಚಣಿ ನಿಧಿಯ ಆ 65ರ ಲೆಕ್ಕ ಮಾತ್ರ ಹೋಗೋಕೆ ಮುಂಚೆ ತಿಳ್ಕೊಂಡಿರ್ರಿ. ಇನ್ನೊಂದು ಕೋರಿಕೆ ಎಲ್ಲರಿಗೂ. ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಅಜ್ಜನ ಮುಲ್ಕಿ ಸರ್ಟಿಫಿಕೇಟ್, ರೈಲ್ವೆ ಕ್ವಾರ್ಟರ್ಸ್ ಚೀಟಿ, ಖಾನಾವಳಿಯ ಲೆಕ್ಕದ ವಹಿ, ಏನಾದ್ರೂ ಇದ್ರೆ ಒಂದು ಫೋಟೋ ತೆಗೆದು ಕಳಿಸ್ರಿ. ಉರ್ದುವಿನಲ್ಲಿದ್ದರೂ ನಡೀತದ, ಓದಿಸಿಕೊಡುವ ಹಿರಿಯರು ಶಹಾಬಾದದಲ್ಲಿದ್ದಾರೆ. ಬರ್ತೀನ್ರಿ.